ಅಂಗಳದ ನಲ್ಲಿಗೆ ಫೋರ್ಸ್ ಇಲ್ವಾ? ಪೈಪ್ ಕೊಳ್ಳುವ ಮುಂಚೆ ಒಂದು ಬಕೆಟ್ ಇಡಿ

ಹೋದ ಬೇಸಿಗೆಯಲ್ಲಿ ನಾನು ಮಾಡಿದ ದಂಡದ ಖರ್ಚಿನಿಂದಲೇ ಶುರು ಮಾಡುತ್ತೇನೆ. ಕೋಲಾರದಲ್ಲಿ ನಮ್ಮದು ಒಂದೇ ಅಂತಸ್ತಿನ ಮನೆ. ಹಿಂದೆ ಮುಂದೆ ಸೇರಿ ಒಂದಿಷ್ಟು ಜಾಗ, ಅದರಲ್ಲಿ ಎರಡು ನುಗ್ಗೆ, ಒಂದು ಸೀಬೆ, ಒಂದು ಕರಿಬೇವು, ಕಾಂಪೌಂಡ್ ಪಕ್ಕ ಕನಕಾಂಬರ, ಮಿಕ್ಕಿದ್ದೆಲ್ಲ ಕುಂಡಗಳು. ಬಕೆಟ್ ಹೊತ್ತು ಹೊತ್ತು ಸೊಂಟ ಹಿಡಿದ ಮೇಲೆ ಆನ್‌ಲೈನ್‌ನಲ್ಲಿ ಚೆಂದದ ಪೈಪ್ ಒಂದನ್ನು ತರಿಸಿದೆ. ಅರ್ಧ ಇಂಚು, 30 ಮೀಟರ್, ಜೊತೆಗೆ ಪಿಸ್ತೂಲಿನ ಥರ ಒಂದು ಗನ್. ಚಿತ್ರದಲ್ಲಿ ನೀರು ಕಾಮನಬಿಲ್ಲು ಕಟ್ಟುವ ಹಾಗೆ ಚಿಮ್ಮುತ್ತಿತ್ತು. ನಮ್ಮ ಅಂಗಳದಲ್ಲಿ ಗನ್ ಒತ್ತಿದರೆ ಎಳೆ ಮಗು ಉಚ್ಚೆ ಹೊಯ್ದ ಹಾಗೆ ಒಂದು ಎಳೆ ಬಂತು, ಅಷ್ಟೇ.

ಪೈಪೇ ಡಬ್ಬಾ ಅಂದುಕೊಂಡು ವಾಪಸ್ ಮಾಡಲು ಹೊರಟಿದ್ದೆ. ಅಷ್ಟರಲ್ಲಿ ಬಾತ್‌ರೂಮ್ ಕೆಲಸಕ್ಕೆ ಬಂದಿದ್ದ ಪ್ಲಂಬರ್ ನೋಡಿ ನಕ್ಕರು. "ಅಕ್ಕಾ, ಪೈಪ್ ಏನ್ ಮಾಡ್ತದೆ? ನಿಮ್ ಟ್ಯಾಂಕು ಎಷ್ಟು ಎತ್ತರ ಐತೆ ಅಂತ ನೋಡಿದ್ರಾ?" ಅಂದರು. ನೋಡಿರಲಿಲ್ಲ. ಯಾರು ನೋಡುತ್ತಾರೆ?

ಅವರು ಹೇಳಿದ್ದು, ಆಮೇಲೆ ನಾನೇ ಬಕೆಟ್, ಮೊಬೈಲ್ ಹಿಡಿದು ಅಳೆದು ಕಲಿತದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮುಖ್ಯವಾದ ಮಾತು ಒಂದೇ. ಪೈಪ್ ಫೋರ್ಸ್ ಕೊಡುವುದಿಲ್ಲ. ಇರುವ ಫೋರ್ಸನ್ನು ಅದು ಎಷ್ಟು ಕಮ್ಮಿ ತಿನ್ನುತ್ತದೆ ಅನ್ನುವುದಷ್ಟೇ ಅದರ ಯೋಗ್ಯತೆ. ಹಾಗಾಗಿ ಅಂಗಡಿಗೆ ಹೋಗುವುದು ಕೊನೆಯ ಕೆಲಸ.

ನೀರು ಎಲ್ಲಿಂದ ಬರುತ್ತಿದೆ, ಮೊದಲು ಅದನ್ನು ನೋಡಿ

ಅಂಗಳದ ನಲ್ಲಿ ಎಲ್ಲ ಮನೆಯಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರದು ಬೀದಿ ಲೈನಿಗೆ ನೇರ ಕೊಟ್ಟ ನಲ್ಲಿ. ನೀರುಗಂಟಿ ವಾಲ್ ತಿರುಗಿಸಿದ ದಿನ ಮಾತ್ರ ಅದಕ್ಕೆ ಜೀವ (ಕೆರೆ ತೂಬಿನ ಕಾಲದ ಆ ಹೆಸರು ನಮ್ಮ ಕಡೆ ಇನ್ನೂ ಬಾಯಲ್ಲಿದೆ, ತೂಬು ಹೋಗಿ ವಾಲ್ ಬಂದಿದೆ ಅಷ್ಟೇ). ಮೊದಲು ಜೋರಾಗಿ ಬರುತ್ತದೆ, ಬೀದಿಯವರೆಲ್ಲ ತಮ್ಮ ಸಂಪ್‌ಗೆ (ನೆಲದೊಳಗಿನ ತೊಟ್ಟಿಗೆ) ನೀರು ಬಿಟ್ಟುಕೊಂಡ ಮೇಲೆ ತೊಟ್ಟಿಕ್ಕುತ್ತದೆ. ಇನ್ನು ಕೆಲವರದು ಟೆರೇಸ್ ಮೇಲಿನ ಟ್ಯಾಂಕಿನಿಂದ ಇಳಿದು ಬಂದ ನಲ್ಲಿ. ನಮ್ಮ ಕಡೆ ಇದೇ ಜಾಸ್ತಿ. ಮೂರನೆಯದು ಸಂಪಿನ ಮೋಟರ್ ಲೈನಿನ ಮೇಲೆ ಕೂತ ನಲ್ಲಿ.

ಯಾವುದು ಅಂತ ಗೊತ್ತಿಲ್ಲದಿದ್ದರೆ ಟೆರೇಸ್‌ಗೆ ಹೋಗಿ ಟ್ಯಾಂಕಿನಿಂದ ಇಳಿಯುವ ಪೈಪಿನ ವಾಲ್ ಮುಚ್ಚಿ ಬನ್ನಿ. ಅಂಗಳದ ನಲ್ಲಿ ಸ್ವಲ್ಪ ಹೊತ್ತಿನಲ್ಲಿ ನಿಂತರೆ ಅದು ಟ್ಯಾಂಕಿನದು. ಈ ವಾಲ್ ವರ್ಷಗಟ್ಟಲೆ ತಿರುಗಿಸದೇ ಬಿಗಿದುಕೊಂಡಿರುತ್ತದೆ. ಇಕ್ಕಳ ಹಾಕಿ ಜೋರು ಮಾಡಿದರೆ ಹಿಡಿಯೇ ಮುರಿದು ಕೈಗೆ ಬರುತ್ತದೆ, ಹುಷಾರು.

ಬಕೆಟ್ ಪರೀಕ್ಷೆ

20 ಲೀಟರಿನ ಹಳೆಯ ಪೇಂಟ್ ಬಕೆಟ್ ಇದ್ದೇ ಇರುತ್ತದೆ, ಅಲ್ವಾ. ಅದನ್ನು ಅಂಗಳದ ನಲ್ಲಿಯ ಕೆಳಗಿಟ್ಟು, ಪೈಪ್ ಹಾಕದೇ ಪೂರ್ತಿ ತಿರುಗಿಸಿ, ತುಂಬಲು ಎಷ್ಟು ಹೊತ್ತು ಬೇಕು ಅಂತ ಮೊಬೈಲಿನಲ್ಲಿ ನೋಡಿ. ಆಮೇಲೆ ಈಗಿರುವ ಪೈಪ್ ಹಾಕಿ, ಗನ್ ತೆಗೆದು, ಪೈಪಿನ ತುದಿಯಲ್ಲಿ ಅದೇ ಬಕೆಟ್ ಇಟ್ಟು ಇನ್ನೊಂದು ಸಲ ನೋಡಿ. ಎರಡೂ ಸಲ ಮನೆಯ ಒಳಗಿನ ನಲ್ಲಿಗಳೆಲ್ಲ ಮುಚ್ಚಿರಲಿ. ಯಾರಾದರೂ ಸ್ನಾನಕ್ಕೆ ಹೋಗಿದ್ದರೆ ಲೆಕ್ಕ ಕೆಡುತ್ತದೆ.

ನಮ್ಮ ಮನೆಯ ಲೆಕ್ಕ ಹೀಗಿತ್ತು. ನಲ್ಲಿಯ ಬುಡದಲ್ಲಿ 50 ಸೆಕೆಂಡ್, ಅಂದರೆ ನಿಮಿಷಕ್ಕೆ 24 ಲೀಟರ್. ಪೈಪಿನ ತುದಿಯಲ್ಲಿ 3 ನಿಮಿಷ ದಾಟಿತ್ತು, ಅಂದರೆ ನಿಮಿಷಕ್ಕೆ ಆರೂವರೆ ಲೀಟರ್ ಕೂಡ ಇಲ್ಲ. ನಲ್ಲಿ ಸರಿಯಾಗಿದೆ, ಮುಕ್ಕಾಲು ಪಾಲು ನೀರನ್ನು ಪೈಪೇ ತಡೆಯುತ್ತಿದೆ ಅಂತ ಅಲ್ಲೇ ಗೊತ್ತಾಯಿತು.

ನಿಮ್ಮದು ಉಲ್ಟಾ ಇರಬಹುದು. ನಲ್ಲಿಯ ಬುಡದಲ್ಲೇ ಬಕೆಟ್ ತುಂಬಲು 2 ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ಹೊಸ ಪೈಪ್ ತಂದು ಪ್ರಯೋಜನ ಇಲ್ಲ, ರೋಗ ಗೋಡೆಯೊಳಗಿನ ಲೈನಿನಲ್ಲೋ ನಲ್ಲಿಯಲ್ಲೋ ಇದೆ. ಅಡುಗೆಮನೆಯ ನಲ್ಲಿ ಚೆನ್ನಾಗಿ ಬಂದು ಅಂಗಳದ್ದು ಮಾತ್ರ ಸೊರಗಿದ್ದರೆ ಆ ಒಂದು ಕವಲನ್ನು ಹುಡುಕಿ. ಮನೆಯ ಎಲ್ಲ ನಲ್ಲಿಗಳೂ ಸೊರಗಿದ್ದರೆ ಟ್ಯಾಂಕಿನ ಹತ್ತಿರ ಹೋಗಿ.

ಎತ್ತರದ ಲೆಕ್ಕ

ನೀರಿನ ಫೋರ್ಸ್ ಅಂದರೆ ಎತ್ತರ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಹೆಚ್ಚು ಕಮ್ಮಿ 1 ಬಾರ್. ಟ್ಯಾಂಕ್ 500 ಲೀಟರಿನದೋ 2000 ಲೀಟರಿನದೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಮೇಲಿದೆ ಅನ್ನುವುದಷ್ಟೇ ಮುಖ್ಯ. ನಮ್ಮ ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತದಲ್ಲ, ಅಲ್ಲಿ ಯಾವ ಮೋಟರೂ ಇಲ್ಲ, ಬೆಟ್ಟದೊಳಗಿನ ನೀರಿನ ಎತ್ತರವೇ ತಳ್ಳುವುದು. ನಿಮ್ಮ ಟೆರೇಸಿನ ಸಿಂಟೆಕ್ಸೂ ಅದೇ ಕೆಲಸ ಮಾಡುತ್ತದೆ, ಬೆಟ್ಟ ಮಾತ್ರ ಚಿಕ್ಕದು.

ನಮ್ಮ ಮನೆಯಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕೂ ಅಂಗಳದ ನಲ್ಲಿಗೂ ನಡುವೆ ಸುಮಾರು 4 ಮೀಟರ್. ಅಂದರೆ 0.4 ಬಾರ್. ಈ ಗನ್‌ಗಳು, ಗಿರಗಿರ ತಿರುಗುವ ಸ್ಪ್ರಿಂಕ್ಲರ್‌ಗಳು ಸಾಮಾನ್ಯವಾಗಿ 2 ಬಾರ್‌ಗೂ ಮೇಲಿನ ನೀರಿಗೆ ಅಂತ ಮಾಡಿದವು. ಮೋಟರ್ ಇಲ್ಲದೆ ಅಷ್ಟು ಬೇಕಾದರೆ ಟ್ಯಾಂಕನ್ನು 20 ಮೀಟರ್ ಮೇಲಿಡಬೇಕು. ಆರೇಳು ಅಂತಸ್ತಿನ ಮನೆ ಕಟ್ಟಿ ಕನಕಾಂಬರಕ್ಕೆ ನೀರು ಹಾಕುತ್ತೀರಾ?

ಇಲ್ಲೇ ಒಂದು ತಮಾಷೆ ಇದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತದೆ, ಹಾಗಾಗಿ "ಬಾಯಿ ಚಿಕ್ಕದು ಮಾಡಿದರೆ ಫೋರ್ಸ್ ಬರುತ್ತೆ" ಅಂತ ಎಲ್ಲರೂ ನಂಬಿದ್ದೇವೆ. ಆಗುವುದು ಬೇರೆ. ನೀರು ಉದ್ದದ ಪೈಪಿನಲ್ಲಿ ಓಡುವಾಗ ಗೋಡೆಗೆ ಉಜ್ಜಿ ಉಜ್ಜಿ ಫೋರ್ಸ್ ಕಳೆದುಕೊಳ್ಳುತ್ತದೆ. ಬೆರಳು ಒತ್ತಿದಾಗ ಹರಿವು ಕಮ್ಮಿಯಾಗುತ್ತದೆ, ಹರಿವು ಕಮ್ಮಿಯಾದರೆ ಉಜ್ಜುವುದೂ ಕಮ್ಮಿ, ಹಾಗಾಗಿ ಉಳಿದ ಫೋರ್ಸೆಲ್ಲ ಬಾಯಿಯ ಹತ್ತಿರ ಸಿಗುತ್ತದೆ. ಆದರೆ ಬಕೆಟ್ ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ಎಷ್ಟೇ ಒತ್ತಿದರೂ ಚಿಮ್ಮುವ ನೀರು ಟ್ಯಾಂಕಿನ ನೀರಿನ ಮಟ್ಟ ದಾಟುವುದಿಲ್ಲ. ಬೇಕಾದರೆ ಟೆರೇಸ್ ಕಡೆಗೆ ಹಿಡಿದು ನೋಡಿ.

ಹಾಗಾದರೆ ಟ್ಯಾಂಕಿನ ಸ್ಟ್ಯಾಂಡ್ ಎತ್ತರಿಸೋಣವೇ? ನಾನೂ ಕೇಳಿದ್ದೆ. 4 ಮೀಟರನ್ನು 5 ಮಾಡಿದರೆ ಹರಿವು ಹೆಚ್ಚುವುದು ನೂರಕ್ಕೆ 12-13ರಷ್ಟು ಮಾತ್ರ. 1000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್ ತೂಕ, ಅದನ್ನು ಸುಮ್ನೆ ಇಟ್ಟಿಗೆ ಜೋಡಿಸಿ ಎತ್ತುವ ಹಾಗಿಲ್ಲ, ಮೋಲ್ಡ್ ತಡೆಯುತ್ತದೋ ಇಲ್ಲವೋ ಅಂತ ತಿಳಿದವರು ನೋಡಬೇಕು. ಅಷ್ಟು ದುಡ್ಡಿಗೆ ದಪ್ಪ ಪೈಪ್ ಹಾಕಿದರೆ ಇದಕ್ಕಿಂತ ಎಷ್ಟೋ ಜಾಸ್ತಿ ಲಾಭ.

ಲೈನಿನಲ್ಲಿ ಏನು ಅಡ್ಡ ಕೂತಿದೆ?

ನಲ್ಲಿಯ ಬುಡದಲ್ಲೇ ನೀರು ಕಮ್ಮಿ ಇರುವವರು ಇದನ್ನು ನಿಧಾನವಾಗಿ ಓದಿ. ಸುಲಭದ್ದು ಮೊದಲು, ಗೋಡೆ ಒಡೆಯುವುದು ಕೊನೆಗೆ.

ನಲ್ಲಿಯನ್ನೇ ನೋಡಿ. ನಮ್ಮ ಬೋರ್‌ವೆಲ್ ನೀರು ಗಡಸು, ನಲ್ಲಿಯ ಬಾಯಿಗೆ, ಜಾಲರಿಗೆ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ಕಂಡರೆ ಸಾಕು, ನಮ್ಮ ಜಿಲ್ಲೆಯಲ್ಲಿ ಎಲ್ಲರೂ "ಫ್ಲೋರೈಡ್" ಅನ್ನುತ್ತಾರೆ. ಫ್ಲೋರೈಡ್ ತೊಂದರೆ ನಮ್ಮಲ್ಲಿ ಇರುವುದು ನಿಜವೇ, ಆದರೆ ಅದು ಕಣ್ಣಿಗೆ ಕಾಣುವಂಥದ್ದಲ್ಲ. ಈ ಬಿಳಿ ಪೊರೆ ಸುಣ್ಣದ ಅಂಶ. ಬಾಯಿಯಲ್ಲಿ ಜಾಲರಿ ಇದ್ದರೆ ಬಿಚ್ಚಿ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಹಳೆಯ ಟೂತ್‌ಬ್ರಶ್‌ನಲ್ಲಿ ಉಜ್ಜಿ. ಅಂಗಳದ ನಲ್ಲಿಗೆ ಜಾಲರಿಯ ಅಗತ್ಯವೇ ಇಲ್ಲ, ತೆಗೆದೇ ಬಿಡಬಹುದು. ಹಳೆಯ ಕಾಲದ ತಿರುಗಿಸುವ ನಲ್ಲಿಯಾದರೆ ಒಳಗಿನ ವಾಷರ್ ಊದಿಕೊಂಡು ದಾರಿ ಮುಚ್ಚಿರಬಹುದು. ಅದು ಚಿಲ್ಲರೆ ಖರ್ಚಿನ ಸಾಮಾನು, ಬದಲಿಸುವ ಮುಂಚೆ ಟ್ಯಾಂಕಿನ ವಾಲ್ ಮುಚ್ಚುವುದನ್ನು ಮರೆಯಬೇಡಿ. ನಾನು ಮರೆತಿದ್ದೆ.

ಆಮೇಲೆ ವಾಲ್‌ಗಳು. ಟ್ಯಾಂಕಿನ ಬುಡದಲ್ಲಿ ಒಂದು, ಅಂಗಳದ ಕವಲಿಗೆ ಒಂದು ಇರಬಹುದು. ಯಾವಾಗಲೋ ಯಾರೋ ಅರ್ಧ ಮುಚ್ಚಿ ಹೋಗಿರುತ್ತಾರೆ. ಗೇಟ್ ವಾಲ್‌ನಲ್ಲಿ ಇನ್ನೊಂದು ತಕರಾರು: ಒಳಗಿನ ಬಾಗಿಲು ಸವೆದು ಕಳಚಿಕೊಂಡರೆ ಹಿಡಿ ತಿರುಗುತ್ತದೆ, ಬಾಗಿಲು ಮೇಲೆ ಏಳುವುದೇ ಇಲ್ಲ. ಪೂರ್ತಿ ತೆರೆದಿದೆ ಅಂತ ನಾವು, ಮುಚ್ಚಿಕೊಂಡು ಕೂತಿದೆ ಅಂತ ಅದು. ಬದಲಿಸುವುದಾದರೆ ಬಾಲ್ ವಾಲ್ ಹಾಕಿಸಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಟ್ಯಾಂಕಿನ ತಳದಲ್ಲಿ ಕೆಸರು ಕೂತಿದ್ದರೆ ಅದೂ ಒಂದು ಕಾರಣ. ಟ್ಯಾಂಕರ್ ನೀರು ತರಿಸುವ ಮನೆಗಳಲ್ಲಿ ಕೆಂಪು ಮಣ್ಣು ಬೇಗ ತುಂಬುತ್ತದೆ. ಟ್ಯಾಂಕ್ ತೊಳೆಯುವಾಗ ಆ ಕೆಸರು ನೀರನ್ನು ಮನೆಯ ಲೈನಿಗೆ ಬಿಡಬೇಡಿ, ಕೆಳಗಿನ ಎಲ್ಬೋಗಳಲ್ಲಿ (ಪೈಪ್ ತಿರುಗಿಸುವ ತುಂಡುಗಳಲ್ಲಿ) ಹೋಗಿ ಕೂರುತ್ತದೆ. ತಳದ ಡ್ರೈನ್‌ನಿಂದ ಹೊರಗೆ ಬಿಡಿ, ಇಲ್ಲದಿದ್ದರೆ ಮೊರದಲ್ಲಿ ಗೋರಿ ತೆಗೆಯಿರಿ.

ಇನ್ನು ಗಾಳಿ. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ನಲ್ಲಿಯಲ್ಲಿ ನೀರು ಬುಸ್ ಬುಸ್ ಅಂದು, ಒಂದು ಹನಿ ಬಂದು ನಿಲ್ಲುತ್ತದಲ್ಲ, ಅದು ಏರ್ ಲಾಕ್. ಲೈನ್ ಎಲ್ಲಾದರೂ ಮೇಲೆದ್ದು ಇಳಿದಿದ್ದರೆ ಆ ಉಬ್ಬಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. 0.4 ಬಾರ್ ಫೋರ್ಸಿಗೆ ಅದನ್ನು ತಳ್ಳುವ ತಾಕತ್ತಿಲ್ಲ. ಇದಕ್ಕೆ ಪ್ಲಂಬರ್‌ಗಳ ಉಪಾಯ ಚೆನ್ನಾಗಿದೆ: ಮೋಟರ್ ಫೋರ್ಸಿನ ನಲ್ಲಿಯಿಂದ ಒಂದು ತುಂಡು ಪೈಪ್ ತೆಗೆದು ಸತ್ತ ನಲ್ಲಿಯ ಬಾಯಿಗೆ ಬಿಗಿದು ಎರಡನ್ನೂ ತೆರೆದರೆ, ನೀರು ಹಿಂದಕ್ಕೆ ನುಗ್ಗಿ ಗಾಳಿಯನ್ನು ಟ್ಯಾಂಕಿನ ಕಡೆಗೆ ಓಡಿಸುತ್ತದೆ. ಪದೇ ಪದೇ ಆಗುತ್ತಿದ್ದರೆ ಟ್ಯಾಂಕಿನಿಂದ ನೀರು ಹೊರಬೀಳುವ ಜಾಗದಲ್ಲಿ ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಅದರಿಂದ ಒಂದು ಪೈಪನ್ನು ಟ್ಯಾಂಕಿನ ತಲೆಗಿಂತ ಎತ್ತರಕ್ಕೆ ನಿಲ್ಲಿಸಿ ಬಾಯಿ ತೆರೆದು ಬಿಡಿ. ಏರ್ ವೆಂಟ್ ಅನ್ನುವುದು ಇದನ್ನೇ. ಎಷ್ಟೋ ಟೆರೇಸ್‌ಗಳಲ್ಲಿ ಕೋಲಿನ ಥರ ಒಂಟಿಯಾಗಿ ನಿಂತ ಪೈಪ್ ಕಾಣುತ್ತದಲ್ಲ, ಅದು ಸುಮ್ನೆ ನಿಂತಿಲ್ಲ.

ಇಷ್ಟೆಲ್ಲ ಆದರೂ ಸುಧಾರಿಸದಿದ್ದರೆ ಪೈಪೇ ಸಣ್ಣದು ಅಥವಾ ಕಟ್ಟಿಕೊಂಡಿದೆ. ಹಳೆಯ ಮನೆಗಳ ಜಿಐ (ಸತು ಲೇಪದ ಕಬ್ಬಿಣದ) ಪೈಪ್ ಕತ್ತರಿಸಿ ನೋಡಿದರೆ ತುಕ್ಕು, ಸುಣ್ಣ ಸೇರಿ ಒಳಗೆ ಪೆನ್ಸಿಲ್ ತೂರುವಷ್ಟು ದಾರಿ ಉಳಿದಿರುತ್ತದೆ. ಹೊಸ ಮನೆಗಳಲ್ಲಿ ಬೇರೆ ಕಥೆ, ಟ್ಯಾಂಕಿನಿಂದ ಒಂದು ಇಂಚು ಇಳಿದು, ಅಂಗಳಕ್ಕೆ ಬರುವಾಗ "ಹೊರಗಡೆ ನಲ್ಲಿ ತಾನೇ" ಅಂತ ಅರ್ಧ ಇಂಚು ಎಳೆದು, ದಾರಿಯಲ್ಲಿ ಏಳೆಂಟು ಎಲ್ಬೋ ಹಾಕಿರುತ್ತಾರೆ. ಆಗ ಗೋಡೆ ಒಡೆಯುವ ಬದಲು ಟ್ಯಾಂಕಿಗೆ ಇನ್ನೊಂದು ತೂತು ಹಾಕಿಸಿ, ಹೊರಗೋಡೆಯ ಮೇಲೆ ನೇರವಾಗಿ ಒಂದು ಇಂಚಿನ ಪಿವಿಸಿ ಲೈನ್ ಇಳಿಸಿ, ಕೆಳಗೆ ಮುಕ್ಕಾಲು ಇಂಚಿನ ನಲ್ಲಿ ಕೂರಿಸಿ. ಬಿಸಿಲಿಗೆ ಕೂತ ಪಿವಿಸಿಗೆ ಒಂದು ಕೈ ಬಣ್ಣ ಹೊಡೆಸಿದರೆ ಬಾಳಿಕೆ ಬರುತ್ತದೆ. ನನ್ನ ಕೇಳಿದರೆ ತೋಟ ಇರುವವರು ದುಡ್ಡು ಹಾಕಬೇಕಾದ ಜಾಗ ಇದು, ಗನ್ ಅಲ್ಲ.

ಈಗ ಪೈಪ್ ತರೋಣ

ಅಂಗಡಿಯಲ್ಲಿ ಹೋಸ್ ಅನ್ನುವುದಕ್ಕಿಂತ ಗಾರ್ಡನ್ ಪೈಪ್ ಅಂದರೆ ಬೇಗ ತೆಗೆದುಕೊಡುತ್ತಾರೆ. ಮೂರು ಅಳತೆ: ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು. ಇದು ಒಳಗಿನ ತೂತಿನ ಅಳತೆ, ಸುಮಾರು 12.5, 19, 25 ಮಿಲಿಮೀಟರ್. ಹೊರಗಿನ ದಪ್ಪ ನೋಡಿ ಮೋಸ ಹೋಗಬೇಡಿ, ಸ್ಕೇಲ್ ಇಟ್ಟು ತೂತನ್ನೇ ಅಳೆಯಿರಿ, ಅಂಗಡಿಯವರು ಮುಖ ನೋಡಿದರೆ ನೋಡಲಿ.

ಅರ್ಧಕ್ಕೂ ಮುಕ್ಕಾಲಿಗೂ ಕಾಲು ಇಂಚು ತಾನೇ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಅದೇ ಟ್ಯಾಂಕ್, ಅದೇ ಉದ್ದ ಇದ್ದರೂ ಮುಕ್ಕಾಲು ಇಂಚಿನಲ್ಲಿ ಸುಮಾರು ಮೂರರಷ್ಟು ನೀರು ಹೋಗುತ್ತದೆ. 3.5 ಮೀಟರ್ ಎತ್ತರದ ಟ್ಯಾಂಕಿಗೆ 30 ಮೀಟರ್ ಪೈಪ್ ಹಾಕಿ, ಮನೆಯೊಳಗಿನ ಲೈನಿನ ನಷ್ಟ ಬಿಟ್ಟು ಲೆಕ್ಕ ಹಾಕಿದರೆ ಅರ್ಧ ಇಂಚಿನಲ್ಲಿ ನಿಮಿಷಕ್ಕೆ 7 ಲೀಟರ್ ಚಿಲ್ಲರೆ, ಮುಕ್ಕಾಲಿನಲ್ಲಿ 20 ದಾಟುತ್ತದೆ. ಟ್ಯಾಂಕ್ ನೀರಿನವರಿಗೆ ಮುಕ್ಕಾಲು ಇಂಚೇ ಸರಿ. ಬೀದಿ ಲೈನೋ ಮೋಟರ್ ಲೈನೋ ಜೋರಾಗಿದ್ದು ಹತ್ತು ಹದಿನೈದು ಮೀಟರ್ ಸಾಕಾದರೆ ಅರ್ಧ ಇಂಚು ನಡೆಯುತ್ತದೆ, ಕೈಗೂ ಹಗುರ. ಒಂದು ಇಂಚು ಬೇಡ. 30 ಮೀಟರ್ ಒಂದು ಇಂಚಿನ ಪೈಪಿನೊಳಗೆ ನಿಂತ ನೀರೇ ಸುಮಾರು 15 ಲೀಟರ್, ಅದನ್ನು ಎಳೆದಾಡುವಷ್ಟರಲ್ಲಿ ಕುಂಡಗಳು ಉರುಳಿ ಬಿದ್ದಿರುತ್ತವೆ. ಮುಕ್ಕಾಲಿನಲ್ಲಿ ಎಂಟೂವರೆ ಲೀಟರ್, ಅದು ಎಳೆಯಬಹುದಾದ ತೂಕ.

ಉದ್ದ ಎಷ್ಟು? ನಲ್ಲಿಯಿಂದ ಅತಿ ದೂರದ ಗಿಡದವರೆಗೆ ಹೆಜ್ಜೆ ಹಾಕಿ ಅಳೆದು, ಮೂಲೆ ತಿರುಗಲು ಎರಡು ಮೀಟರ್ ಸೇರಿಸಿ, ಅಷ್ಟೇ ಕತ್ತರಿಸಿಕೊಳ್ಳಿ. 30 ಮೀಟರ್ ಬಂಡಲ್ ತಗೊಂಡರೆ ಅಗ್ಗ ಅನ್ನುತ್ತಾರೆ, ಉಳಿದದ್ದು ಸುರುಳಿಯಾಗಿ ನಲ್ಲಿಯ ಹತ್ತಿರ ಬಿದ್ದು ಸುಮ್ನೆ ಫೋರ್ಸ್ ತಿನ್ನುತ್ತದೆ. ಉದ್ದ ಅರ್ಧ ಮಾಡಿದರೆ ಹರಿವು ನೂರಕ್ಕೆ 40ಕ್ಕೂ ಜಾಸ್ತಿ ಏರುತ್ತದೆ. ನಾನು ಅಳೆದಾಗ ನಮಗೆ ಬೇಕಾಗಿದ್ದದ್ದು 18 ಮೀಟರ್!

ಮಾಲು ನೋಡುವ ಬಗೆ ಹೇಳುತ್ತೇನೆ. ಬರೀ ಒಂದೇ ಪದರದ ತೆಳು ಪಿವಿಸಿ ಪೈಪ್ ಅಗ್ಗ, ಆದರೆ ಮಡಚಿಕೊಳ್ಳುತ್ತದೆ, ಮಡಚಿದ ಜಾಗದಲ್ಲಿ ನೀರು ನಿಲ್ಲುತ್ತದೆ, ಎರಡು ಬೇಸಿಗೆಗೆ ಬಿರುಕು ಬಿಡುತ್ತದೆ. ನಡುವೆ ನೂಲಿನ ಬಲೆ ಇರುವ ಬ್ರೇಡೆಡ್ ಪೈಪ್ ಕೇಳಿ. ಅದನ್ನು ಅಂಗಡಿಯಲ್ಲೇ ಒಂದು ಮೊಳ ಹಿಡಿದು ಬಗ್ಗಿಸಿ. ದುಂಡಗೆ ಬಾಗಿದರೆ ಸರಿ, ಚಪ್ಪಟೆಯಾಗಿ ಮುರಿದುಕೊಂಡರೆ ಬೇಡ. ಮೂಗಿನ ಹತ್ತಿರ ಹಿಡಿದು ನೋಡಿ, ಘಾಟು ವಾಸನೆ ಜೋರಾಗಿದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ಒಳಗೆ ಬೆಳಕು ಕಾಣುವ ತಿಳಿ ಬಣ್ಣದ ಪೈಪಿನಲ್ಲಿ ಪಾಚಿ ಕಟ್ಟುತ್ತದೆ, ಬೆಳಕು ತೂರದ ಗಾಢ ಬಣ್ಣದ್ದೇ ಇರಲಿ. ರಬ್ಬರ್ ಪೈಪ್ ಗಟ್ಟಿ, ಬಿಸಿಲು ತಡೆಯುತ್ತದೆ, ಆದರೆ ಭಾರ, ಬೆಲೆಯೂ ಜಾಸ್ತಿ. ಟೊಮೆಟೊ ತೋಟದವರು ಬಳಸುವ ಚಪ್ಪಟೆ ಪೈಪ್ ನೋಡಿ ಆಸೆಪಡಬೇಡಿ. ಅದು ಮೋಟರ್ ನೀರಿಗೆ ಉಬ್ಬಿ ನಿಲ್ಲುವಂಥದ್ದು, ಟ್ಯಾಂಕ್ ನೀರಿಗೆ ಪ್ರತಿ ತಿರುವಿನಲ್ಲೂ ಮಲಗಿಬಿಡುತ್ತದೆ.

ಇನ್ನು ಆ ಟಿವಿ ಜಾಹೀರಾತಿನ, ನೀರು ಬಿಟ್ಟರೆ ಮೂರರಷ್ಟು ಉದ್ದವಾಗುವ ಪೈಪ್. ಅದು ಉದ್ದವಾಗುವುದೇ ಒಳಗಿನ ಒತ್ತಡದಿಂದ. 0.4 ಬಾರ್‌ಗೆ ಅದು ಮುದುರಿಕೊಂಡು ಹಾಗೇ ಕೂತಿರುತ್ತದೆ.

ನಲ್ಲಿಗೆ ಬಿಗಿಯುವ ತುದಿಯಲ್ಲೂ ಫೋರ್ಸ್ ಸಾಯುತ್ತದೆ. ಟಕ್ ಅಂತ ಕೂರುವ ಪ್ಲಾಸ್ಟಿಕ್ ಕನೆಕ್ಟರ್ ಚೆಂದ, ಆದರೆ ಅದರ ಒಳಗಿನ ತೂತು ಪೈಪಿನ ತೂತಿಗಿಂತ ತುಂಬಾ ಕಿರಿದು. ಮುಕ್ಕಾಲು ಇಂಚಿನ ಪೈಪ್ ತಂದು ಅದರ ಬಾಯಿಗೆ ಇದನ್ನು ತುರುಕಿದರೆ ಏನು ಬಂತು? ಪೈಪ್ ಸಿಕ್ಕಿಸಲು ಗೆರೆಗೆರೆಯ ಮೂತಿ ಇರುವ ಮುಕ್ಕಾಲು ಇಂಚಿನ ನಲ್ಲಿ ಕೇಳಿ, ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ಏರಿಸಿ, ಸ್ಕ್ರೂ ಇರುವ ಕ್ಲಿಪ್ ಹಾಕಿ ಬಿಗಿಯಿರಿ. ತಂತಿ ಸುತ್ತುವ ನಮ್ಮ ಹಳೆಯ ಚಾಳಿ ಬಿಡಿ, ತಂತಿ ಪೈಪನ್ನೇ ಕೊಯ್ಯುತ್ತದೆ. ಮರೆ (ಥ್ರೆಡ್) ಇರುವ ಜಾಗಕ್ಕೆಲ್ಲ ಟೆಫ್ಲಾನ್ ಟೇಪ್ ಹತ್ತಾರು ಸುತ್ತು.

ಗನ್ ಬದಲು ಏನು? ಟ್ಯಾಂಕ್ ನೀರಿಗೆ ದೊಡ್ಡ ತೂತುಗಳ ಶವರ್ ಬಾಯಿ, ಇಲ್ಲದಿದ್ದರೆ ಬರೀ ಬಾಯಿ. ಗಿಡದ ಬುಡದಲ್ಲಿ ಪೈಪ್ ಇಟ್ಟು ಬೇರೆ ಕೆಲಸ ನೋಡಿಕೊಂಡರೆ ಎಲೆಗೆ ಚಿಮುಕಿಸುವುದಕ್ಕಿಂತ ಒಳ್ಳೆಯದೇ.

ಮೋಟರ್ ಬೇಕೇ ಬೇಕು ಅನ್ನುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಬೀದಿ ಲೈನಿಗೆ ನೇರ ಮೋಟರ್ ಹಾಕಿ ಎಳೆಯಬೇಡಿ. ಅದಕ್ಕೆ ಅನುಮತಿ ಇಲ್ಲ, ಪಕ್ಕದ ಮನೆಯವರ ನೀರು ಕಿತ್ತುಕೊಂಡ ಹಾಗೆ, ಅದೂ ಅಲ್ಲದೆ ಲೈನಿನಲ್ಲಿ ಎಲ್ಲಾದರೂ ಬಿರುಕಿದ್ದರೆ ಚರಂಡಿ ನೀರನ್ನೂ ಒಳಗೆ ಹೀರಿಕೊಳ್ಳುತ್ತದೆ.

ಕಮ್ಮಿ ಖರ್ಚಿನ ದಾರಿ ಬಹಳ ಮನೆಗಳಲ್ಲಿ ಆಗಲೇ ಇದೆ. ಸಂಪಿನಿಂದ ಟ್ಯಾಂಕಿಗೆ ಏರುವ ಪೈಪ್ ಅಂಗಳದ ಪಕ್ಕದಲ್ಲೇ ಹೋಗುತ್ತಿದ್ದರೆ, ನೆಲದಿಂದ ಎರಡು ಅಡಿ ಮೇಲೆ ಒಂದು ಟೀ ಹಾಕಿ ಬಾಲ್ ವಾಲ್ ಕೂರಿಸಿ. ಟ್ಯಾಂಕ್ ತುಂಬಿಸುವ ಹೊತ್ತಿನಲ್ಲೇ ಅದಕ್ಕೆ ಪೈಪ್ ಹಾಕಿದರೆ ಮೋಟರ್ ಫೋರ್ಸ್ ಸಿಗುತ್ತದೆ. ಇದರ ಲಾಭ ಇನ್ನೊಂದು: ಗನ್ ಮುಚ್ಚಿದರೂ ನೀರಿಗೆ ಮೇಲೆ ಟ್ಯಾಂಕಿಗೆ ಹೋಗುವ ದಾರಿ ಇರುತ್ತದೆ, ಮೋಟರ್ ತಡವರಿಸುವುದಿಲ್ಲ. ಆದರೆ ಮೇಲಕ್ಕೆ ಹೋಗುವ ದಾರಿಗೆ ವಾಲ್ ಹಾಕಿ ಮುಚ್ಚಬೇಡಿ. ಹಲವು ಅರ್ಧ ಎಚ್‌ಪಿ ಮೋಟರ್‌ಗಳು 20 ಮೀಟರ್‌ಗೂ ಮೇಲೆ ಎತ್ತಬಲ್ಲವು, ಅಂದರೆ 2 ಬಾರ್. ಎಲ್ಲ ದಾರಿಯೂ ಮುಚ್ಚಿದರೆ ಕ್ಲಿಪ್ ಹಾರುತ್ತದೆ, ಇಲ್ಲವೇ ಮೋಟರ್ ಅದೇ ನೀರನ್ನು ಕಡೆದು ಕಡೆದು ಬಿಸಿಯಾಗುತ್ತದೆ.

ಅದು ಆಗದಿದ್ದರೆ ಪ್ರೆಷರ್ ಪಂಪ್. ನಲ್ಲಿ ತೆರೆದಾಗ ತಾನೇ ಓಡಿ, ಮುಚ್ಚಿದಾಗ ತಾನೇ ನಿಲ್ಲುವಂಥದ್ದು. ಅದನ್ನು ಕೆಳಗೆ ನಲ್ಲಿಯ ಪಕ್ಕ ಇಡುವುದಕ್ಕಿಂತ ಮೇಲೆ ಟ್ಯಾಂಕಿನ ಬುಡದಲ್ಲಿ ಇಡಿ, ಪಂಪಿಗೆ ಎಳೆಯುವುದಕ್ಕಿಂತ ತಳ್ಳುವುದು ಸುಲಭ. ಬಿಸಿಲು ಮಳೆಗೆ ಒಂದು ಮುಚ್ಚಳ, ನೀರಿಲ್ಲದೆ ಓಡದ ಹಾಗೆ ಕಟಾಫ್, ಕರೆಂಟ್ ಹೋದಾಗ ನೀರು ಬರಲು ಪಕ್ಕದಲ್ಲಿ ಬೈಪಾಸ್ ಲೈನ್, ಮೂರೂ ಬೇಕು. ಕರೆಂಟ್ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ಕಾಲು, ಒದ್ದೆ ನೆಲ, ಪಕ್ಕದಲ್ಲಿ ಮೋಟರ್, ಇದರಲ್ಲಿ ಜುಗ್ಗತನ ಬೇಡ.

ಬಳಸುವಾಗ

ಏಪ್ರಿಲ್ ಮಧ್ಯಾಹ್ನ ಅಂಗಳದಲ್ಲಿ ಬಿದ್ದ ಪೈಪಿನ ನೀರು ಕೈ ಸುಡುವಷ್ಟು ಬಿಸಿ. ಅದನ್ನು ಗಿಡಕ್ಕೆ ಹಾಕದೆ ಮೊದಲು ಬಕೆಟ್‌ಗೆ ಬಿಟ್ಟು ತಣ್ಣಗಾದ ಮೇಲೆ ಬಳಸಿ. ಆ ಪೈಪಿನಿಂದ ಮಕ್ಕಳು ನೀರು ಕುಡಿಯದಿರಲಿ. ಜೀವಾಮೃತವೋ ಗೊಬ್ಬರದ ನೀರೋ ಇರುವ ಡ್ರಮ್ಮಿನೊಳಗೆ ಪೈಪಿನ ತುದಿ ಮುಳುಗಿಸಿ ಹೋಗಬೇಡಿ. ಬೀದಿ ಲೈನಿಗೆ ಸೇರಿದ ನಲ್ಲಿಯಾದರೆ, ಸಪ್ಲೈ ನಿಂತಾಗ ಲೈನ್ ಹಿಂದಕ್ಕೆ ಹೀರುತ್ತದೆ, ನಿಮ್ಮ ಜೀವಾಮೃತ ಊರಿಗೆಲ್ಲ ಹಂಚಿಕೆಯಾಗುತ್ತದೆ. ಕೆಲಸ ಮುಗಿದ ಮೇಲೆ ನಲ್ಲಿ ಮುಚ್ಚಿ, ಪೈಪಿನ ನೀರು ಹರಿಸಿ, ನೆರಳಿನಲ್ಲಿ ಅಗಲವಾಗಿ ಸುತ್ತಿಡಿ. ಮೊಳೆಗೆ ನೇತುಹಾಕಿದರೆ ಅಲ್ಲೇ ಮಡಿಕೆ ಬೀಳುತ್ತದೆ. ಹಳೆಯ ಸ್ಕೂಟರ್ ಟೈರನ್ನು ಗೋಡೆಗೆ ಬಿಗಿದು ಅದರ ಮೇಲೆ ಸುತ್ತಿದ್ದೇವೆ, ಚೆನ್ನಾಗಿದೆ. ಇಲಿಯೋ ಅಳಿಲೋ ಕಡಿದರೆ ಟೇಪ್ ಸುತ್ತಿ ಒದ್ದಾಡಬೇಡಿ, ಆ ಜಾಗ ಕತ್ತರಿಸಿ ಜಾಯಿನರ್, ಎರಡು ಕ್ಲಿಪ್ ಹಾಕಿ.

ನಮ್ಮ ಮನೆಯಲ್ಲಿ ಈಗ ಮುಕ್ಕಾಲು ಇಂಚಿನ 18 ಮೀಟರ್ ಬ್ರೇಡೆಡ್ ಪೈಪ್ ಇದೆ. ಅದೇ ಟ್ಯಾಂಕ್, ಅದೇ ನಲ್ಲಿ, ತುದಿಯಲ್ಲಿ ಬಕೆಟ್ ತುಂಬಲು 1 ನಿಮಿಷ 10 ಸೆಕೆಂಡ್. ಹಳೆಯ ಅರ್ಧ ಇಂಚಿನದನ್ನು ಹತ್ತು ಮೀಟರ್‌ಗೆ ಕತ್ತರಿಸಿ ಮೋಟರ್ ಲೈನಿನ ಟೀಗೆ ಹಾಕಿದ್ದೇವೆ. ಆ ಗನ್ ಕೂಡ ಅದಕ್ಕೇ ಹೋಯಿತು. ಭಾನುವಾರ ಟ್ಯಾಂಕ್ ತುಂಬಿಸುವಾಗ ಮಗ ಅದರಲ್ಲಿ ಸ್ಕೂಟರ್ ತೊಳೆಯುತ್ತಾನೆ, ಚಿತ್ರದಲ್ಲಿದ್ದ ಹಾಗೇ ಚಿಮ್ಮುತ್ತದೆ.